ಚದುರಂಗದ ಹಲಗೆಯ ಮುಂದೆ ಒಬ್ಬ ಎಂಜಿನಿಯರು

1938ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಹಾಲೆಂಡ್ ದೇಶದ ರೇಡಿಯೋ ಸಂಸ್ಥೆಯೊಂದು ಆ ಕಾಲದ ಅತ್ಯಂತ ಪ್ರಬಲರಾದ ಎಂಟು ಮಂದಿ ಚದುರಂಗ ಆಟಗಾರರನ್ನು ಕಲೆಹಾಕಿ ಒಂದು ಸ್ಪರ್ಧೆಯನ್ನು ಏರ್ಪಡಿಸಿದ್ದಿತು. ಸಂಸ್ಥೆಯ ಹೆಸರಿನಿಂದಲೇ ಅದು ಆವ್ರೊ ಸ್ಪರ್ಧೆಯೆಂದು ಪ್ರಸಿದ್ಧವಾಗಿದೆ. ಅದರ 11ನೆಯ ಸುತ್ತಿನಲ್ಲಿ ಸೋವಿಯತ್ ದೇಶದ ಮಿಖಾಯಿಲ್ ಬೊಟ್ವಿನ್ನಿಕ್ ಎಂಬ 27 ವರ್ಷದ ಎಂಜಿನಿಯರು ಬಿಳಿಯ ಕಾಯಿಗಳನ್ನು ಹಿಡಿದು, 1921ರಿಂದ 1927ರವರೆಗೆ ಜಗತ್ತಿನ ಚಾಂಪಿಯನ್ ಆಗಿದ್ದ ಕ್ಯೂಬಾ ದೇಶದ ಕಾಪಾಬ್ಲಾಂಕನನ್ನು ಎದುರಿಸಿದನು. ಆ ಆಟದ 30ನೆಯ ನಡೆಯನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಬೊಟ್ವಿನ್ನಿಕನ ಜೀವನವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಬಾಗಿಲು ಬೇರೊಂದಿಲ್ಲ.

ಬಿಳಿಯ ಪಕ್ಷದ ಕಾಲಾಳೊಂದು ಹಲಗೆಯ ನಡುವಿನಲ್ಲಿ ಬಹುದೂರ ಮುಂದೆ ಸರಿದು, ಕೊನೆಯ ಸಾಲನ್ನು ಮುಟ್ಟಿ ಮಂತ್ರಿಯಾಗುವುದಕ್ಕೆ ಎರಡೇ ಹೆಜ್ಜೆಗಳಷ್ಟು ದೂರದಲ್ಲಿ ನಿಂತಿದ್ದಿತು. ಅದರ ದಾರಿಗೆ ಅಡ್ಡವಾಗಿ, ಮುಂದಿನ ಮನೆಯಲ್ಲಿಯೇ, ಕರಿಯ ಮಂತ್ರಿಯು ಕಾವಲು ನಿಂತಿದ್ದಿತು. ಬೊಟ್ವಿನ್ನಿಕನು ತನ್ನ ಒಂಟೆಯನ್ನು ಎತ್ತಿ ಹಲಗೆಯ ಅಂಚಿನಲ್ಲಿ, ಆ ಮಂತ್ರಿಯು ಕಡಿಯಬಹುದಾದ ಮನೆಯಲ್ಲಿ, ಸುಮ್ಮನೆ ಇರಿಸಿದನು. ಮಂತ್ರಿಯು ಒಂಟೆಯನ್ನು ಕಡಿಯಿತು. ಕಡಿದು ಕಾವಲಿನಿಂದ ದೂರವಾಯಿತು. ಮರುನಡೆಯಲ್ಲಿ ಬಿಳಿಯ ಕುದುರೆಯು ರಾಜನಿಗೆ ಶಹ ಕೊಟ್ಟು ತಾನೂ ಬಲಿಯಾಯಿತು. ಎರಡು ಕಾಯಿಗಳು ಹೋದ ಮೇಲೆ ಬಿಳಿಯ ಮಂತ್ರಿಯು ಒಳನುಗ್ಗಿ ಕರಿಯ ಕುದುರೆಯೊಂದನ್ನು ಕಡಿದು ರಾಜನನ್ನು ಮೂಲೆಗೆ ಅಟ್ಟಿತು; ಕಾಲಾಳು ಒಂದು ಹೆಜ್ಜೆ ಮುಂದೆ ಸರಿಯಿತು. ಕಾಪಾಬ್ಲಾಂಕನಿಗೆ ಉಳಿದಿದ್ದ ಉಪಾಯ ಒಂದೇ: ಬಿಳಿಯ ರಾಜನಿಗೆ ಬಿಡುವಿಲ್ಲದೆ ಶಹ ಕೊಡುತ್ತ ಆಟವನ್ನು ಸಮವಾಗಿ ಮುಗಿಸುವುದು. ಏಳು ಸಲ ಶಹ ಕೊಟ್ಟನು. ಬಿಳಿಯ ರಾಜನು ಮನೆಯಿಂದ ಮನೆಗೆ ನಡೆದು ಹಲಗೆಯ ಬಲ ಅಂಚನ್ನು ಸೇರಿ ಪಾರಾದನು. 41ನೆಯ ನಡೆಯಲ್ಲಿ ಕಾಪಾಬ್ಲಾಂಕನು ಸೋಲನ್ನು ಒಪ್ಪಿದನು.

ಇದನ್ನು ಕಂಡವರು ಮೊದಲನೆಯ ಬಲಿದಾನದಿಂದ ಕೊನೆಯ ಹೆಜ್ಜೆಯವರೆಗೆ ಹನ್ನೆರಡು ನಡೆಗಳನ್ನೂ ಆತನು ಮುಂಚೆಯೇ ಕಂಡಿರಬೇಕೆಂದು ಬೆರಗಾದರು. ಬೊಟ್ವಿನ್ನಿಕನು ಬರೆದಿರುವುದು ಬೇರೆ. ಪೂರ್ತಿ ಲೆಕ್ಕ ತನ್ನಿಂದಾಗಲಿಲ್ಲವೆಂದು ಆತನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಮೊದಲು ಆರು ನಡೆಗಳವರೆಗೆ ನೋಡಿ, ಏನೇ ಆದರೂ ತಾನೇ ಎಡೆಬಿಡದ ಶಹಗಳಿಂದ ಆಟವನ್ನು ಸಮವಾಗಿಸಬಲ್ಲೆನೆಂದು ಖಚಿತಪಡಿಸಿಕೊಂಡನಂತೆ. ಅಲ್ಲಿಗೆ ತಲುಪಿದ ಮೇಲೆ ಉಳಿದುದನ್ನು ಎಣಿಸಿದನಂತೆ. ನದಿಯನ್ನು ದಾಟುವವನು ನಡುಗಡ್ಡೆಯೊಂದನ್ನು ಗುರುತಿಟ್ಟುಕೊಂಡು ನೀರಿಗಿಳಿಯುವಂತೆ. ನಮ್ಮ ದೃಷ್ಟಿಯಲ್ಲಿ ಈ ಒಪ್ಪಿಗೆಯು ಆ ನಡೆಯಷ್ಟೇ ಬೆಲೆಯುಳ್ಳದ್ದು. ಏಕೆಂದರೆ, ಎಲ್ಲವನ್ನೂ ನೋಡಲಾಗದ ಮನುಷ್ಯನು ಯಾವುದನ್ನು ನೋಡಬೇಕೆಂದು ಹೇಗೆ ಆರಿಸುತ್ತಾನೆ ಎಂಬ ಪ್ರಶ್ನೆಯೇ ಮುಂದೆ ಆತನ ಬಾಳಿನ ಎರಡನೆಯ ಭಾಗವನ್ನೆಲ್ಲ ಆವರಿಸಿತು.

ಬೊಟ್ವಿನ್ನಿಕನು ಹುಟ್ಟಿದ್ದು 1911ನೆಯ ಆಗಸ್ಟ್ 17ರಂದು, ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಸಮೀಪದ ಕುವೊಕ್ಕಲ ಎಂಬ ಊರಿನಲ್ಲಿ. ತಾಯಿ ದಂತವೈದ್ಯೆ, ತಂದೆ ದಂತತಂತ್ರಜ್ಞ. ಚದುರಂಗವನ್ನು ಕಲಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಅಣ್ಣನ ಶಾಲೆಯ ಗೆಳೆಯನೊಬ್ಬನಿಂದ, ಮನೆಯಲ್ಲಿಯೇ ಮಾಡಿದ ಕಾಯಿಗಳಿಂದ. ಮೂರು ನಾಲ್ಕು ವರ್ಷದ ಹಸುಳೆಗಳು ಹಲಗೆಯ ಮುಂದೆ ಕೂರುವ ಈ ಕಾಲದಲ್ಲಿ ಇದು ಬಹಳ ತಡವಾದ ಆರಂಭವೆಂದೇ ಹೇಳಬೇಕು. ಆದರೂ ಎರಡು ವರ್ಷಗಳು ಕಳೆಯುವಷ್ಟರಲ್ಲಿ, 1925ರಲ್ಲಿ, ಲೆನಿನ್‌ಗ್ರಾಡಿಗೆ ಬಂದು ಒಮ್ಮೆಗೇ ಅನೇಕರೊಡನೆ ಆಡುತ್ತಿದ್ದ ಚಾಂಪಿಯನ್ ಕಾಪಾಬ್ಲಾಂಕನನ್ನು ಈ ಹುಡುಗನು ಸೋಲಿಸಿದನು. 1931ರಲ್ಲಿ ಸೋವಿಯತ್ ದೇಶದ ಚಾಂಪಿಯನ್ ಆದನು. ಆ ಪದವಿಯನ್ನು ಒಟ್ಟು ಆರು ಸಲ ಗಳಿಸಿದನು. 1936ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಕಾಪಾಬ್ಲಾಂಕನೊಡನೆ ಮೊದಲ ಸ್ಥಾನವನ್ನು ಹಂಚಿಕೊಂಡನು.

ಇಷ್ಟೆಲ್ಲ ನಡೆಯುತ್ತಿದ್ದಾಗ ಆತನು ಲೆನಿನ್‌ಗ್ರಾಡಿನ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ವಿದ್ಯುಚ್ಛಾಸ್ತ್ರವನ್ನು ಓದಿ ಎಂಜಿನಿಯರನಾಗಿದ್ದನು. ಇದು ಹೊಟ್ಟೆಪಾಡಿಗೆ ಹಿಡಿದ ಉದ್ಯೋಗವಾಗಿರಲಿಲ್ಲ. ಒಂದು ವಿದ್ಯುಜ್ಜಾಲಕ್ಕೆ ಸೇರಿಸಿದ ಜನಕಯಂತ್ರಗಳೆಲ್ಲವೂ ಒಂದೇ ಹೆಜ್ಜೆಯಲ್ಲಿ ತಿರುಗಬೇಕು. ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಮುಂದಾಗಿ ಒಂದು ಹಿಂದಾದರೆ ಬಂಡಿಯ ಗತಿ ಏನಾಗುವುದೋ ಇಲ್ಲಿಯೂ ಹಾಗೆಯೇ. ನೂರಾರು ಮೈಲಿ ಆಚೆಯ ನಗರದಲ್ಲಿ ಹೊರೆಯು ಥಟ್ಟನೆ ಏರಿಳಿದರೆ ಯಂತ್ರದ ತಿರುಗುವ ಭಾಗವು ತನ್ನ ಸ್ಥಾನದಿಂದ ಜರುಗುತ್ತದೆ. ಒಂದು ಮಿತಿಯನ್ನು ಮೀರಿ ಜರುಗಿದರೆ ಹೆಜ್ಜೆ ತಪ್ಪುತ್ತದೆ, ಜಾಲವು ಕುಸಿಯುತ್ತದೆ. ಇದನ್ನು ತಡೆಯಲು ಯಂತ್ರದ ಕಾಂತಸುರುಳಿಗೆ ಹರಿಯುವ ವಿದ್ಯುತ್ತನ್ನು ಕ್ಷಣಕ್ಷಣವೂ ಹದಗೊಳಿಸಬೇಕು. ಎಷ್ಟು ಜರುಗಿದೆ ಎಂಬುದನ್ನಷ್ಟೇ ನೋಡಿ ಹದಗೊಳಿಸಿದರೆ ಸಾಲದು, ಎಷ್ಟು ವೇಗದಿಂದ ಜರುಗುತ್ತಿದೆ ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಬೊಟ್ವಿನ್ನಿಕನ ಸಂಶೋಧನೆಯು ಈ ಬಗೆಯ ನಿಯಂತ್ರಣವನ್ನು ಕುರಿತದ್ದು. 1951ರಲ್ಲಿ ಅದಕ್ಕಾಗಿ ಆತನಿಗೆ ಡಾಕ್ಟರ್ ಪದವಿ ದೊರೆಯಿತು. ಆಗ ಆತನು ಜಗತ್ತಿನ ಚದುರಂಗ ಚಾಂಪಿಯನ್ ಆಗಿ ಮೂರು ವರ್ಷಗಳಾಗಿದ್ದುವು. ಆ ಮೂರು ವರ್ಷಗಳಲ್ಲಿ ಒಂದು ಸ್ಪರ್ಧೆಯಲ್ಲಿಯೂ ಆಡಿರಲಿಲ್ಲ.

ಯುದ್ಧಕಾಲದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆವು. 1941ರಲ್ಲಿ ಜರ್ಮನ್ ಸೇನೆಯು ಲೆನಿನ್‌ಗ್ರಾಡನ್ನು ಸುತ್ತುವರಿಯುವ ಮೊದಲು ಆತನು ಉರಾಲ್ ಸೀಮೆಯ ಪೆರ್ಮ್ ನಗರವನ್ನು ಸೇರಿದನು. ಹೋದದ್ದು ಚದುರಂಗದ ಹಿರಿಮೆಯಿಂದಲ್ಲ, ಪತ್ನಿಯು ನೃತ್ಯಗಾತಿಯಾಗಿದ್ದ ಕಿರೊವ್ ಬ್ಯಾಲೆ ತಂಡದೊಡನೆ. ಪೆರ್ಮಿನಲ್ಲಿ ಹಗಲು ವಿದ್ಯುತ್ ಇಲಾಖೆಯ ಕೆಲಸ. ಉಳಿದ ಹೊತ್ತಿನಲ್ಲಿ ಹಳೆಯ ಆಟಗಳ ವಿಶ್ಲೇಷಣೆ.

1946ರಲ್ಲಿ ಚಾಂಪಿಯನ್ ಅಲೆಖೀನನು ಪದವಿಯಲ್ಲಿರುವಾಗಲೇ ತೀರಿಕೊಂಡನು. ತೆರವಾದ ಸ್ಥಾನಕ್ಕಾಗಿ 1948ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರು ಸೆಣಸಿದರು. ಬೊಟ್ವಿನ್ನಿಕನು 20 ಆಟಗಳಿಂದ 14 ಅಂಕಗಳನ್ನು ಗಳಿಸಿ ಎರಡನೆಯವನಾದ ಸ್ಮಿಸ್ಲೊವನಿಗಿಂತ ಮೂರು ಅಂಕ ಮುಂದಿದ್ದನು. ಎಸ್ಟೋನಿಯದ ಪೌಲ್ ಕೆರೆಸನು ಬೊಟ್ವಿನ್ನಿಕನೊಡನೆ ಆಡಿದ ಐದು ಆಟಗಳಲ್ಲಿ ಮೊದಲಿನ ನಾಲ್ಕನ್ನು ಸೋತುದನ್ನು ಕುರಿತು, ಆಳುವವರ ಒತ್ತಡದಿಂದ ಹಾಗಾಯಿತೇ ಎಂಬ ಅನುಮಾನ ಇಂದಿಗೂ ಕೇಳಿಬರುತ್ತದೆ; ಅದನ್ನು ಸ್ಥಾಪಿಸಿದವರಿಲ್ಲ, ಪೂರ್ತಿಯಾಗಿ ಅಳಿಸಿದವರೂ ಇಲ್ಲ. ಬೊಟ್ವಿನ್ನಿಕನು ಸೋವಿಯತ್ ವ್ಯವಸ್ಥೆಯ ನೆಚ್ಚಿನ ಮಗನಾಗಿದ್ದುದು ನಿಜ. ದೇಶವನ್ನು ಬಿಟ್ಟುಹೋದ ಆಟಗಾರ ಕೊರ್ಚ್ನೊಯಿಯನ್ನು ಖಂಡಿಸುವ ಪತ್ರಕ್ಕೆ 1976ರಲ್ಲಿ ಇತರರೆಲ್ಲ ಸಾಲಾಗಿ ಸಹಿ ಹಾಕುತ್ತಿದ್ದಾಗ, ನಿರಾಕರಿಸಿದ ಕೆಲವೇ ಮಂದಿಯಲ್ಲಿ ಆತನೂ ಒಬ್ಬನೆಂಬುದೂ ಅಷ್ಟೇ ನಿಜ.

ಮುಂದಿನ ಹದಿನೈದು ವರ್ಷಗಳ ಕಥೆಯು ಏಳುಬೀಳುಗಳ ಕಥೆ. 1951ರಲ್ಲಿ ಬ್ರಾನ್‌ಸ್ಟೈನನೊಡನೆಯೂ 1954ರಲ್ಲಿ ಸ್ಮಿಸ್ಲೊವನೊಡನೆಯೂ 12ಕ್ಕೆ 12ರಂತೆ ಸಮಮಾಡಿಕೊಂಡು ಪದವಿಯನ್ನು ಉಳಿಸಿಕೊಂಡನು. 1957ರಲ್ಲಿ ಸ್ಮಿಸ್ಲೊವನಿಗೆ ಸೋತು ಮರುವರ್ಷವೇ ಅದನ್ನು ಮರಳಿ ಪಡೆದನು. 1960ರಲ್ಲಿ ಲಾಟ್ವಿಯದ 23 ವರ್ಷದ ಮಿಖಾಯಿಲ್ ತಾಲನು ಬಿರುಗಾಳಿಯಂತೆ ಬಂದು ಆತನನ್ನು ಕೆಡಹಿದಾಗ, ಐವತ್ತಕ್ಕೆ ಸಮೀಪಿಸಿದ ಈ ಮನುಷ್ಯನ ಆಟ ಮುಗಿಯಿತೆಂದೇ ಜನ ತಿಳಿದರು. 1961ರ ಮರುಪಂದ್ಯದಲ್ಲಿ ಆತನು 13ಕ್ಕೆ 8ರಂತೆ ಗೆದ್ದನು. ತಾಲನ ಆರೋಗ್ಯವು ಆಗ ಕೆಟ್ಟಿತ್ತೆಂಬುದನ್ನು ಮರೆಯಬಾರದು. ಆದರೆ ಅದೊಂದೇ ಕಾರಣವೂ ಅಲ್ಲ.

ಸೋತ ಮೇಲೆ ಬೊಟ್ವಿನ್ನಿಕನು ಮಾಡುತ್ತಿದ್ದ ಕೆಲಸವು ಕೆಟ್ಟುಹೋದ ಯಂತ್ರವನ್ನು ಬಿಚ್ಚಿ ಮೇಜಿನ ಮೇಲೆ ಹರಡುವ ಎಂಜಿನಿಯರನ ಕೆಲಸ. ತನ್ನ ಆಟಗಳನ್ನು ಒಂದೊಂದಾಗಿ ಬಿಚ್ಚುವನು, ತಪ್ಪಿನ ಬಗೆಯನ್ನು ಹುಡುಕುವನು, ಆ ಬಗೆಗೆ ತಕ್ಕ ಅಭ್ಯಾಸವನ್ನು ರೂಪಿಸುವನು. ತನ್ನ ವಿಶ್ಲೇಷಣೆಗಳನ್ನು ಗುಟ್ಟಾಗಿಡದೆ ಪ್ರಕಟಿಸುತ್ತಿದ್ದನು. ಬೇರೆಯವರು ತಪ್ಪನ್ನು ಹಿಡಿಯಲಿ ಎಂಬುದೇ ಉದ್ದೇಶ. ಹೊಗೆ ಆತನಿಗೆ ಆಗುತ್ತಿರಲಿಲ್ಲ, ಎದುರಾಳಿಗಳಲ್ಲಿ ಧೂಮಪಾನ ಮಾಡುವವರು ಹಲವರು. ಅದಕ್ಕಾಗಿ ಗೆಳೆಯ ರಾಗೋಜಿನನೊಡನೆ ಅಭ್ಯಾಸದ ಆಟಗಳನ್ನಾಡುವಾಗ ಆತನು ತನ್ನ ಮುಖಕ್ಕೆ ಹೊಗೆಯೂದುವಂತೆ ಹೇಳಿ, ರೇಡಿಯೋವನ್ನೂ ಗಟ್ಟಿಯಾಗಿ ಹಾಕಿಸುತ್ತಿದ್ದನು. ಇಷ್ಟು ಎಚ್ಚರದ ಮನುಷ್ಯನೂ ಒಮ್ಮೆ, 1958ರ ಪಂದ್ಯದ 15ನೆಯ ಆಟದಲ್ಲಿ, ಮೇಲುಗೈಯಾಗಿರುವ ಸ್ಥಿತಿಯನ್ನು ನೋಡುತ್ತ ಗಡಿಯಾರವನ್ನೇ ಮರೆತು, ಹೊತ್ತು ಮೀರಿ ಸೋತುಹೋದನೆಂದು ಹೇಳಿದರೆ ವಾಚಕರಿಗೆ ಸ್ವಲ್ಪ ಸಮಾಧಾನವಾಗಬಹುದು.

1963ರಲ್ಲಿ ಪೆಟ್ರೋಸಿಯನ್ನನಿಗೆ ಸೋತಾಗ ಮರುಪಂದ್ಯದ ನಿಯಮವನ್ನು ತೆಗೆದುಹಾಕಿದ್ದರು. ಪದವಿಯು ಹೋಯಿತು. 1970ರವರೆಗೆ ಸ್ಪರ್ಧೆಗಳಲ್ಲಿ ಆಡಿ ಆಮೇಲೆ ನಿಲ್ಲಿಸಿದನು. ಇನ್ನು ಮುಂದೆ ಎರಡು ಕೆಲಸಗಳು: ಮಕ್ಕಳಿಗೆ ಕಲಿಸುವುದು, ಯಂತ್ರಕ್ಕೆ ಕಲಿಸುವುದು.

ಮಕ್ಕಳ ವಿಷಯದಲ್ಲಿ ಆತನಿಗೆ ದೊರೆತ ಫಲ ಅಸಾಧಾರಣವಾದುದು. ಆತನ ಶಾಲೆಯಲ್ಲಿ ಕಲಿತವರಲ್ಲಿ ಕಾರ್ಪೊವ್, ಕಾಸ್ಪರೊವ್, ಕ್ರಾಮ್ನಿಕ್ ಎಂಬ ಮೂವರು ಜಗತ್ತಿನ ಚಾಂಪಿಯನ್ನರಾದರು. ಬಾಲಕ ಕಾರ್ಪೊವನನ್ನು ಮೊದಲು ಕಂಡಾಗ ಈ ಹುಡುಗನಿಗೆ ಚದುರಂಗದಲ್ಲಿ ಭವಿಷ್ಯವಿಲ್ಲವೆಂದು ಗುರುವು ತೀರ್ಮಾನಿಸಿದ್ದನಂತೆ! ಮಕ್ಕಳಿಗೆ ಆತನು ಕೊಡುತ್ತಿದ್ದುದು ಮುಖ್ಯವಾಗಿ ಮನೆಗೆಲಸ. ತಮ್ಮ ಆಟಗಳನ್ನು ತಾವೇ ಬಿಚ್ಚಿ ತಪ್ಪನ್ನು ತಾವೇ ಬರೆದು ತರಬೇಕು.

ಯಂತ್ರದ ವಿಷಯವು ಹೀಗೆ ಸರಳವಾಗಿರಲಿಲ್ಲ. ಇಲ್ಲಿ ನಾವು ಸ್ವಲ್ಪ ಲೆಕ್ಕವನ್ನು ಮಾಡಬೇಕಾಗಿದೆ.

ಚದುರಂಗದ ಸಾಮಾನ್ಯ ಸ್ಥಿತಿಯೊಂದರಲ್ಲಿ ಆಡಲು ಸುಮಾರು 30 ನಡೆಗಳಿರುತ್ತವೆ ಎನ್ನೋಣ. ಪ್ರತಿಯೊಂದಕ್ಕೂ ಎದುರಾಳಿಗೆ ಸುಮಾರು 30 ಉತ್ತರಗಳು. ಒಂದೊಂದು ಪಕ್ಷವು ಒಂದೊಂದು ಸಲ ನಡೆಸುವಷ್ಟರಲ್ಲಿಯೇ 900 ಸ್ಥಿತಿಗಳಾದುವು. ಬೊಟ್ವಿನ್ನಿಕನು ಕಾಪಾಬ್ಲಾಂಕನೆದುರು ನೋಡಿದ ಹಾಗೆ ಆರು ನಡೆಗಳಷ್ಟು ಮುಂದೆ ನೋಡಬೇಕಾದರೆ ಹನ್ನೆರಡು 30ಗಳನ್ನು ಒಂದಕ್ಕೊಂದು ಗುಣಿಸಿದಂತೆ ಬರೆದುಕೊಳ್ಳಬೇಕು. ಬರುವ ಸಂಖ್ಯೆಯಲ್ಲಿ 5ರ ಮುಂದೆ 17 ಅಂಕೆಗಳಿರುತ್ತವೆ. ಕ್ಷಣಕ್ಕೆ 20 ಕೋಟಿ ಸ್ಥಿತಿಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಇದನ್ನು ಮುಗಿಸಲು 84 ವರ್ಷಗಳು ಬೇಕು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ನನು 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಡೀ ಆಟದ ಎಲ್ಲ ಸಾಧ್ಯತೆಗಳ ಸಂಖ್ಯೆಯನ್ನು 1ರ ಮುಂದೆ 120 ಸೊನ್ನೆಗಳೆಂದು ಅಂದಾಜು ಮಾಡಿದ್ದನು. ಯಂತ್ರಕ್ಕೆ ಎರಡು ದಾರಿಗಳಿವೆಯೆಂದೂ ಆತನು ತೋರಿಸಿದನು: ಒಂದು ನಿಗದಿಯಾದ ಆಳದವರೆಗೆ ಎಲ್ಲ ನಡೆಗಳನ್ನೂ ನೋಡುವುದು, ಇಲ್ಲವೇ, ಮನುಷ್ಯನಂತೆ ಅರ್ಥವುಳ್ಳ ಕೆಲವನ್ನೇ ಆರಿಸಿ ಆಳವಾಗಿ ನೋಡುವುದು. ಈ ಶಾನನ್ನನು 1965ರಲ್ಲಿ ಮಾಸ್ಕೋಗೆ ಬಂದಾಗ ಬೊಟ್ವಿನ್ನಿಕನೊಡನೆ ಒಂದು ಆಟವನ್ನಾಡಿ 42 ನಡೆಗಳಲ್ಲಿ ಸೋತನು. ಆಟದ ನಡುವೆ ಸ್ವಲ್ಪ ಮೇಲುಗೈಯನ್ನೂ ಪಡೆದಿದ್ದನು.

ಬೊಟ್ವಿನ್ನಿಕನು ಎರಡನೆಯ ದಾರಿಯನ್ನು ಹಿಡಿದನು. ಬೇರೆ ದಾರಿಯನ್ನು ಹಿಡಿಯುವುದು ಆತನಿಗೆ ಸಾಧ್ಯವೇ ಇರಲಿಲ್ಲವೆಂದು ನಮಗೆ ತೋರುತ್ತದೆ. ಆತನ ಕಾರ್ಯಕ್ರಮದ ಹೆಸರು 'ಪಯನೀರ್'. ಅದರ ತಿರುಳು ಇಷ್ಟು. ಹಲಗೆಯ ಮೇಲೆ ಒಂದು ಕಾಯಿಯು ಇನ್ನೊಂದನ್ನು ಹಿಡಿಯಬೇಕೆಂದಿದ್ದರೆ ಅದು ಸಾಗಬೇಕಾದ ಒಂದು ಪಥವಿದೆ. ಆ ಪಥದ ಮೇಲಿನ ಮನೆಗಳನ್ನು ತಡೆಯಬಲ್ಲ ಎದುರಾಳಿಯ ಕಾಯಿಗಳಿಗೂ ತಮ್ಮ ತಮ್ಮ ಪಥಗಳಿವೆ. ತಡೆಯುವವರನ್ನು ತಡೆಯುವವರಿಗೂ ಇವೆ. ಈ ಪಥಗಳೆಲ್ಲ ಸೇರಿ ಒಂದು ವಲಯವಾಗುತ್ತದೆ. ಗುರಿಯನ್ನು ಮುಟ್ಟಲು ಕಾಲ ಸಾಲದ ಕಾಯಿಗಳು ವಲಯದೊಳಗೆ ಬರುವುದೇ ಇಲ್ಲ. ಯಂತ್ರವು ವಲಯದೊಳಗಿನ ನಡೆಗಳನ್ನು ಮಾತ್ರ ಎಣಿಸಬೇಕು, ಉಳಿದವನ್ನು ಇಲ್ಲವೆಂದೇ ತಿಳಿಯಬೇಕು. ನಾವು ಆರಂಭದಲ್ಲಿ ನೋಡಿದ ಆಟಕ್ಕೆ ಇದನ್ನು ಹೊಂದಿಸಿ ನೋಡಿ: ಗುರಿ, ಕೊನೆಯ ಸಾಲು, ಪಥ, ಕಾಲಾಳಿನ ಎರಡು ಹೆಜ್ಜೆ, ತಡೆ, ಕರಿಯ ಮಂತ್ರಿ, ಆ ತಡೆಯನ್ನು ಎಳೆದೊಯ್ಯುವವನು, ಒಂಟೆ. ಹಲಗೆಯ ಉಳಿದ ಕಾಯಿಗಳು ಆ ಕ್ಷಣದಲ್ಲಿ ಕೇವಲ ಮರದ ತುಂಡುಗಳು. 1970ರ ದಶಕದ ಕೊನೆಯ ಹೊತ್ತಿಗೆ ಪಯನೀರ್ ಜಾರ್ಜಿಯದ ನಾದರೈಶ್ವಿಲಿ ರಚಿಸಿದ ಕಠಿಣವಾದ ಸಮಸ್ಯೆಯೊಂದನ್ನು ಕೆಲವೇ ನೂರು ಸ್ಥಿತಿಗಳನ್ನು ನೋಡಿ ಬಿಡಿಸಿತು.

ಆದರೆ ಅದು ಒಂದು ಆಟವನ್ನೂ ಮೊದಲಿನಿಂದ ಕೊನೆಯವರೆಗೆ ಆಡಿ ತೋರಿಸಲಿಲ್ಲ. ಯಾವ ಸ್ಪರ್ಧೆಯಲ್ಲಿಯೂ ಕುಳಿತುಕೊಳ್ಳಲಿಲ್ಲ. ಸಮಸ್ಯೆಗಳಲ್ಲಿ ಗುರಿಯು ಮೊದಲೇ ಗೊತ್ತಿರುತ್ತದೆ. ಆಟದ ಬಯಲಿನಲ್ಲಿ ಗುರಿ ಯಾವುದೆಂಬುದನ್ನು ಕಂಡುಕೊಳ್ಳುವುದೇ ಅರ್ಧ ಕೆಲಸ. ಆ ಅರ್ಧವನ್ನು ಯಂತ್ರಕ್ಕೆ ಬರೆದುಕೊಡುವುದು, ಅದನ್ನು ಬದುಕೆಲ್ಲ ಮಾಡಿದ ಮನುಷ್ಯನಿಗೂ ಆಗಲಿಲ್ಲ.

ಅಷ್ಟರಲ್ಲಿ ಮೊದಲನೆಯ ದಾರಿಯವರು ಸುಮ್ಮನೆ ಕುಳಿತಿರಲಿಲ್ಲ. 1974ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಗಣಕಯಂತ್ರಗಳ ಮೊದಲ ವಿಶ್ವಸ್ಪರ್ಧೆಯನ್ನು ಗೆದ್ದದ್ದು ಮಾಸ್ಕೋದ 'ಕೈಸ್ಸ'; ಅದು ಎಲ್ಲ ನಡೆಗಳನ್ನೂ ನೋಡುವ ಪಂಥದ್ದು. ಇವರ ಕೈಯಲ್ಲಿ ಒಂದು ಸುಲಭವಾದ ಉಪಾಯವಿದ್ದಿತು. ನೀವು ಒಂದು ನಡೆಯನ್ನು ಯೋಚಿಸುತ್ತಿರುವಿರಿ. ಎದುರಾಳಿಗೆ 30 ಉತ್ತರಗಳಿವೆ. ಮೊದಲನೆಯ ಉತ್ತರದಲ್ಲಿಯೇ ನಿಮ್ಮ ಆನೆಯು ಹೋಗುವುದೆಂದು ಕಂಡರೆ, ಮತ್ತು ಅದಕ್ಕಿಂತ ಒಳ್ಳೆಯ ನಡೆಯೊಂದು ಈಗಾಗಲೇ ನಿಮಗೆ ಸಿಕ್ಕಿದ್ದರೆ, ಉಳಿದ 29 ಉತ್ತರಗಳನ್ನು ನೋಡುವ ಅಗತ್ಯವೇನು? ಆ ನಡೆ ಕೆಟ್ಟದ್ದೆಂದು ತಿಳಿಯಲು ಒಂದೇ ಸಾಕ್ಷಿ ಸಾಕು. ನಡೆಗಳನ್ನು ಒಳ್ಳೆಯ ಕ್ರಮದಲ್ಲಿ ಜೋಡಿಸಿ ಹೀಗೆ ಕತ್ತರಿಸುತ್ತ ಹೋದರೆ, ಅತ್ಯುತ್ತಮ ಸಂದರ್ಭದಲ್ಲಿ, ನಾವು ಮೇಲೆ ಹೇಳಿದ ಸಂಖ್ಯೆಯು ತನ್ನ ವರ್ಗಮೂಲದ ಎರಡರಷ್ಟಕ್ಕೆ ಇಳಿಯುತ್ತದೆ. ಆಗ ಅದೇ ಯಂತ್ರಕ್ಕೆ 84 ವರ್ಷಗಳ ಬದಲು ಬೇಕಾಗುವುದು ಏಳೆಂಟು ಕ್ಷಣಗಳು! ವಾಸ್ತವದಲ್ಲಿ ಇಷ್ಟು ಲಾಭ ಸಿಗದು, ಸಿಕ್ಕಷ್ಟೇ ಸಾಕಾಯಿತು. ಯಂತ್ರಗಳು ವರ್ಷದಿಂದ ವರ್ಷಕ್ಕೆ ವೇಗಗೊಂಡಂತೆ ವಿವೇಕದ ಕೊರತೆಯನ್ನು ವೇಗವು ತುಂಬಿತು.

ಮೇಲೆ ಹೇಳಿದ ಕ್ಷಣಕ್ಕೆ 20 ಕೋಟಿ ಸ್ಥಿತಿಗಳ ಯಂತ್ರವು ನಮ್ಮ ಕಲ್ಪನೆಯದಲ್ಲ. ಅದು ಅಮೆರಿಕದ 'ಡೀಪ್ ಬ್ಲೂ'. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅದು ಆರು ಆಟಗಳ ಪಂದ್ಯದಲ್ಲಿ ಅಂದಿನ ಚಾಂಪಿಯನ್ ಕಾಸ್ಪರೊವನನ್ನು, ಬೊಟ್ವಿನ್ನಿಕನ ಪ್ರಿಯಶಿಷ್ಯನನ್ನು, ಮೂರೂವರೆಗೆ ಎರಡೂವರೆಯಂತೆ ಸೋಲಿಸಿತು.

ಇದರಿಂದ ಬೊಟ್ವಿನ್ನಿಕನು ಪೂರ್ತಿ ತಪ್ಪಿದನೆಂದು ಬರೆದರೆ ಅವಸರವಾದೀತು. 2017ರಲ್ಲಿ ಬೆಳಕಿಗೆ ಬಂದ 'ಆಲ್ಫಾಝೀರೊ' ಎಂಬ ಕಾರ್ಯಕ್ರಮವು ತನ್ನೊಡನೆ ತಾನೇ ಲಕ್ಷಾಂತರ ಆಟಗಳನ್ನಾಡಿ, ಯಾವ ನಡೆಗಳು ನೋಡತಕ್ಕವು ಎಂಬ ಅಂದಾಜನ್ನು ಸ್ವತಃ ಕಲಿತುಕೊಂಡಿತು. ಅದು ಕ್ಷಣಕ್ಕೆ ಕೆಲವು ಹತ್ತು ಸಾವಿರ ಸ್ಥಿತಿಗಳನ್ನು ಮಾತ್ರ ನೋಡುತ್ತ, ಅದರ ಸಾವಿರದಷ್ಟನ್ನು ನೋಡುತ್ತಿದ್ದ 'ಸ್ಟಾಕ್‌ಫಿಶ್' ಎಂಬ ಕಾರ್ಯಕ್ರಮವನ್ನು ಸೋಲಿಸಿತು. ಕಡಮೆ ನೋಡಿ ಚೆನ್ನಾಗಿ ಆಡುವುದು ಯಂತ್ರಕ್ಕೂ ಸಾಧ್ಯವೆಂದು ಆತನು ಹೇಳುತ್ತಿದ್ದುದು ಹಾಗೆ ನಿಜವಾಯಿತು. ಆದರೆ ಆ ಆಯ್ಕೆಯ ನಿಯಮಗಳನ್ನು ಯಾರೂ ಬರೆದುಕೊಡಲಿಲ್ಲ. ಅವು ಕೋಟ್ಯಂತರ ಸಂಖ್ಯೆಗಳ ರೂಪದಲ್ಲಿ ಯಂತ್ರದೊಳಗೆ ಹುದುಗಿವೆ. ಪಥ, ವಲಯ ಎಂದು ಬಿಡಿಸಿ ಹೇಳಲು ಬಯಸಿದ್ದ ಎಂಜಿನಿಯರನಿಗೆ ಈ ಉತ್ತರವು ಹಿಡಿಸುತ್ತಿದ್ದಿತೋ ಇಲ್ಲವೋ.

ಇದಾವುದನ್ನೂ ಆತನು ನೋಡಲಿಲ್ಲ. ಪಯನೀರಿನ ವಿಧಾನವನ್ನು ಆತನ ಸಂಗಡಿಗರು ಸೋವಿಯತ್ ದೇಶದ ವಿದ್ಯುತ್ ಕೇಂದ್ರಗಳಲ್ಲಿ ಯಾವ ಯಂತ್ರವನ್ನು ಯಾವ ತಿಂಗಳು ನಿಲ್ಲಿಸಿ ದುರಸ್ತಿ ಮಾಡಬೇಕೆಂಬ ಯೋಜನೆಯನ್ನು ಸಿದ್ಧಪಡಿಸಲು ಬಳಸಿದರು. ಕಣ್ಣು ಮಂದವಾದ ಮೇಲೂ ಆತನು ಆ ಕಾರ್ಯಕ್ರಮವನ್ನು ತಿದ್ದುವುದನ್ನು ಬಿಡಲಿಲ್ಲ. 1995ನೆಯ ಮೇ 5ರಂದು ಮಾಸ್ಕೋದಲ್ಲಿ ತೀರಿಕೊಂಡಾಗ ಆತನಿಗೆ 83 ವರ್ಷ ವಯಸ್ಸಾಗಿದ್ದಿತು.